ಗಡಿಗೆ ಕಟ್ಟಿದ ಖರ್ಜೂರದ ಮರ

ನಮ್ಮ ಮಸೀದಿಯನ್ನು ಕಟ್ಟಿಸಿದವರು ಯಾರು ಎಂದು ಪಿರಿಯಾಪಟ್ಟಣದಲ್ಲಿ ಹತ್ತು ಜನರನ್ನು ಕೇಳಿದರೆ ಹನ್ನೊಂದು ಉತ್ತರ ಸಿಗುತ್ತದೆ. ಟಿಪ್ಪುವಿನ ಕಾಲದ ಕಿಲ್ಲೇದಾರನೊಬ್ಬ ಕಟ್ಟಿಸಿದ ಎನ್ನುವವರಿದ್ದಾರೆ. ಅದಕ್ಕೂ ಮೊದಲೇ ಕೊಡಗಿನ ದಾರಿ ಹಿಡಿದಿದ್ದ ಕುದುರೆ ವ್ಯಾಪಾರಿಯೊಬ್ಬ ಇಲ್ಲಿ ಜ್ವರ ಬಂದು ಮಲಗಿ, ಗುಣವಾದ ಮೇಲೆ ಹರಕೆ ತೀರಿಸಲು ಕಟ್ಟಿಸಿದ ಎನ್ನುವವರೂ ಇದ್ದಾರೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಅಸದುಲ್ಲಾ ಸಾಹೇಬರನ್ನು ಕೇಳಿದರೆ ಅವರ ಮುತ್ತಜ್ಜನೇ ಕಟ್ಟಿಸಿದ್ದು. ಹೇಳಿಕೊಳ್ಳಲಿ ಬಿಡಿ, ಬಾಯಿಮಾತಿಗೆ ಸುಂಕವಿಲ್ಲ. ನಾನು ಇಸಾಕ್, ಎತ್ತಿನ ಗಾಡಿ ಮಾಡುವ ಬಡಗಿ. ಕಟ್ಟಿಸಿದವರ ಹೆಸರು ನನಗೆ ಅಷ್ಟು ಮುಖ್ಯವಲ್ಲ. ಕಟ್ಟಿದ ಕೈ ಯಾರದು ಎಂದು ಒಬ್ಬರೂ ಕೇಳುವುದಿಲ್ಲವಲ್ಲ, ಅದಕ್ಕೆ ನನಗೆ ಸಿಟ್ಟು.

ದೊಡ್ಡ ಮಸೀದಿಯೇನಲ್ಲ. ಮುಂದೆ ಮೂರು ಕಮಾನು, ಆಚೆ ಈಚೆ ಮೂಲೆಗೊಂದು ಗಿಡ್ಡ ಮಿನಾರು, ಅಂಗಳದಲ್ಲಿ ನಮಾಜಿಗೆ ಮೊದಲು ಕೈಕಾಲು ತೊಳೆಯುವ ಕಲ್ಲಿನ ತೊಟ್ಟಿ. ಗೋಡೆ ಎರಡು ಮೊಳ ದಪ್ಪ. ಬೇಸಿಗೆಯ ಮಧ್ಯಾಹ್ನ ಒಳಗೆ ಕೂತರೆ ಹೊಸ ಮಡಕೆಯ ನೀರು ಕುಡಿದಷ್ಟು ತಂಪು. ಎರಡು ಮಿನಾರುಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದು ಗೇಣು ಗಿಡ್ಡ. ಬಡಗಿಯ ಕಣ್ಣಿಗೆ ಅದು ಕಾಣದೆ ಇರುವುದಿಲ್ಲ, ಆದರೆ ನಾನು ಇದುವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಮೈಸೂರಿನಿಂದ ಬರುವ ನಮ್ಮ ನೆಂಟರು, ನಿಮ್ಮ ಇಡೀ ಮಸೀದಿ ನಮ್ಮ ಮಸೀದಿಯ ಅಂಗಳದಲ್ಲಿ ಹಿಡಿಯುತ್ತದೆ ಎಂದು ನಗುತ್ತಾರೆ. ಹಿಡಿಯಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವೂ ಅನ್ನುತ್ತೀರಿ ತಾನೆ? ಅನ್ನಿ.

ನಮ್ಮ ಮಸೀದಿಯ ಚೆಲುವೆಲ್ಲ ಇರುವುದು ಒಳಗಿನ ಪಡುವಣ ಗೋಡೆಯಲ್ಲಿ. ಅಲ್ಲಿ ಮೆಹರಾಬು ಇದೆ. ನಮಾಜು ಮಾಡಿಸುವ ಹಜ್ರತ್ ಮುಂದೆ ನಿಲ್ಲುವ ಗೂಡು ಅದು, ಎಲ್ಲರ ಮುಖವೂ ಅದರ ಕಡೆಗೆ. ಅದರ ಕಮಾನಿನ ಅಂಚಿಗೆ ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಗಾರೆಯ ಕೆಲಸ. ಮೆಹರಾಬಿನ ಬಲಕ್ಕೊಂದು, ಎಡಕ್ಕೊಂದು ಆಳೆತ್ತರದ ಮರ, ಅವೂ ಗಾರೆಯವೇ, ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಉಬ್ಬಿ ನಿಂತಿವೆ. ಖರ್ಜೂರದ ಮರಗಳು. ಪ್ರವಾದಿ ರಸೂಲರ ನಾಡಿನ ಮರ, ಮಸೀದಿಯಲ್ಲಿರುವುದು ಸಹಜವೇ. ಸಹಜವಲ್ಲದ್ದು ಏನೆಂದರೆ ಎರಡು ಮರಕ್ಕೂ ಕತ್ತಿನ ಹತ್ತಿರ, ಗರಿಗಳ ಬುಡದಲ್ಲಿ, ಒಂದೊಂದು ಪುಟ್ಟ ಗಡಿಗೆ ಕಟ್ಟಿತ್ತು.

ಆ ಗಡಿಗೆ ಏನು ಎಂದು ಕೇಳುವ ಮಕ್ಕಳಿಗೆ ಅಸದುಲ್ಲಾ ಸಾಹೇಬರ ಹತ್ತಿರ ಉತ್ತರ ಸಿದ್ಧವಿತ್ತು. ಅದು ಝಮ್‌ಝಮ್ ನೀರಿನ ಗಡಿಗೆ, ಮಕ್ಕಾದ ಪವಿತ್ರ ಬಾವಿಯ ನೀರು ತುಂಬಿ ದಾರಿಹೋಕರಿಗೆಂದು ಮರಕ್ಕೆ ಕಟ್ಟಿದ್ದು. ಅವರಿಗೆ ಅವರ ತಂದೆ ಹಾಗೆ ಹೇಳಿದ್ದರು, ತಂದೆಗೆ ಅಜ್ಜ. ಒಮ್ಮೆ ಮಸೀದಿ ನೋಡಲು ಬಂದ ಅಮಲ್ದಾರರಿಗೂ ಅದನ್ನೇ ಹೇಳಿದ್ದರು, ಅಮಲ್ದಾರರು ಆ ಕಡೆ ಕೈ ಮುಗಿದು ಹೋಗಿದ್ದರು. ಪರೀಕ್ಷೆಯ ದಿನ ಹುಡುಗರು ಗಡಿಗೆ ಮುಟ್ಟಿ ಶಾಲೆಗೆ ಹೋಗುತ್ತಿದ್ದರು. ವರ್ಷವರ್ಷ ಸುಣ್ಣ ಬಳಿಯುವಾಗಲೂ ಗೋಡೆಗೆಲ್ಲ ಬಳಿದು, ಮರಕ್ಕೂ ಬಳಿದು, ಗಡಿಗೆಯನ್ನು ಮಾತ್ರ ಭಯಭಕ್ತಿಯಿಂದ ಹಾಗೇ ಬಿಡುತ್ತಿದ್ದರು.

ಹತ್ತು ವರ್ಷದ ಹಿಂದೆ, ಈಗ ನಡೆಯುತ್ತಿರುವ ಈ ಮಹಾಯುದ್ಧ ಶುರುವಾಗುವುದಕ್ಕೆ ಬಹಳ ಮೊದಲು, ಒಂದು ಮಳೆಗಾಲದಲ್ಲಿ ಮಸೀದಿಯ ತಾರಸಿ ಎಡಗಡೆ ಬಿರುಕು ಬಿಟ್ಟಿತು. ನೀರು ಗೋಡೆಗಿಳಿಯಿತು. ಒಂದು ದಿನ ಬೆಳಗಿನ ನಮಾಜಿಗೆ ಹೋದವರಿಗೆ ಎಡಗಡೆಯ ಮರ ಗರಿ, ಗಡಿಗೆ ಸಮೇತ ನೆಲದಲ್ಲಿ ಪುಡಿಪುಡಿಯಾಗಿ ಬಿದ್ದದ್ದು ಕಂಡಿತು. ಅಸದುಲ್ಲಾ ಸಾಹೇಬರು ಆ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕಬರಸ್ಥಾನದ ಮೂಲೆಯಲ್ಲಿ ಹೂತು ಬಂದರು. ನಾನು ನಗಲಿಲ್ಲ. ನನಗೂ ಕಣ್ಣು ಒದ್ದೆಯಾಗಿತ್ತು.

ಮಳೆ ನಿಂತ ಮೇಲೆ ರಿಪೇರಿಯ ಮಾತು ಬಂತು. ಸಿಮೆಂಟು ಹಾಕಿಸೋಣ, ಎರಡು ದಿನದ ಕೆಲಸ ಎಂದು ಕೆಲವರು ಎಂದರು. ಹಳೆ ಗಾರೆಗೂ ಸಿಮೆಂಟಿಗೂ ಅತ್ತೆ ಸೊಸೆಯ ಸಂಬಂಧ, ಒಂದೇ ಗೋಡೆಯಲ್ಲಿ ಬಾಳುವುದಿಲ್ಲ ಎಂದು ನಾನು ಜಗಳವಾಡಿದೆ. ಕೊನೆಗೆ ಚುಂಚನಕಟ್ಟೆ ಕಡೆಯ ಗಾರೆ ಕೆಲಸದ ಮಂಚಯ್ಯನಿಗೆ ಹೇಳಿ ಕಳಿಸಿದೆವು. ಅವನ ಮನೆತನದವರು ತಲೆಮಾರಿನಿಂದ ಕಾವೇರಿಯ ಕಟ್ಟೆಗೆ ಗಾರೆ ಮೆತ್ತಿದವರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಎಲೆಯಡಿಕೆ ಹೆಚ್ಚು. ಬಾ ಎಂದು ಕರೆದರೆ ಹತ್ತು ದಿನ ಸತಾಯಿಸುವ ಕೆಲಸದವರನ್ನೇ ಕಂಡವನು ನಾನು. ಇವನು ಹೇಳಿ ಕಳಿಸಿದ ಮೂರನೆಯ ದಿನಕ್ಕೇ ಗಾಡಿ ಕಟ್ಟಿಕೊಂಡು ಬಂದಿಳಿದ.

ಯಾಕೆ ಎಂದು ಆಮೇಲೆ ತಿಳಿಯಿತು. ಕೈಕಾಲು ತೊಳೆದು, ರುಮಾಲು ಸರಿಮಾಡಿಕೊಂಡು ಒಳಗೆ ಬಂದವನು ಒಡೆದ ಎಡಗೋಡೆಯ ಕಡೆ ತಿರುಗಿಯೂ ನೋಡದೆ ಸೀದಾ ಬಲಗಡೆಯ ಮರದ ಮುಂದೆ ನಿಂತ. ಗಡಿಗೆಯ ಕಂಠದ ಸುತ್ತ ಹಸಿ ಗಾರೆಯಲ್ಲಿ ಹೆಬ್ಬೆರಳು ಒತ್ತಿ ಮಾಡಿದ ಗುಳಿಗಳ ಸಾಲು ಇದೆ, ಬಳೆಯ ಹಾಗೆ. ಮಂಚಯ್ಯ ನನ್ನ ಕಡೆ ನೋಡಿ, ಮುಟ್ಟಬಹುದೇ ಎಂದು ಕಣ್ಣಲ್ಲೇ ಕೇಳಿದ. ಹೂಂ ಎಂದೆ. ತನ್ನ ಹೆಬ್ಬೆರಳನ್ನು ಒಂದು ಗುಳಿಯಲ್ಲಿಟ್ಟ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಮುಮ್ಮಡಿ ಮಹಾರಾಜರ ಕಾಲದಲ್ಲಿ ಮಸೀದಿಗೆ ಒಮ್ಮೆ ದೊಡ್ಡ ರಿಪೇರಿಯಾದಾಗ ಆ ಮರಗಳನ್ನು ಮಾಡಿದವನು ಅವನ ಮುತ್ತಾತ ಮಂಟಯ್ಯನಂತೆ. ಪಟ್ಟಣದ ಮಸೀದಿಯಲ್ಲಿ ನಮ್ಮ ಮರ ಇದೆ ಎಂದು ಮನೆಯಲ್ಲಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದನಂತೆ, ನೋಡಿದ್ದು ಅದೇ ಮೊದಲು. ಕಟ್ಟಿದ ಕೈ ಯಾರದು ಎಂಬ ನನ್ನ ಪ್ರಶ್ನೆಗೆ ಉತ್ತರ ಎಲೆಯಡಿಕೆ ಮೆಲ್ಲುತ್ತ ಎದುರಿಗೇ ನಿಂತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವತ್ತೇ ಅವನನ್ನು ನಮ್ಮ ಮನೆಯ ಜಗುಲಿಯಲ್ಲಿ ಇಳಿಸಿಕೊಂಡೆ.

ಮೂರು ವಾರ ಮಸೀದಿಯ ಅಂಗಳದಲ್ಲಿ ಗಾರೆಯ ಗಾಣ ತಿರುಗಿತು. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಅಂಗೈ ಮೇಲೆ ಹಾಕಿ ಮಗುಚಿದರೂ ಬೀಳಬಾರದು, ಹಾಗೆ ಅರೆಯಬೇಕು ಎನ್ನುತ್ತಿದ್ದ ಮಂಚಯ್ಯ. ತಾರಸಿ ಮುಗಿಯಿತು. ಗೋಡೆ ಮುಗಿಯಿತು. ನಾನು ಒಳಗೆ ಸಾರುವೆ ಕಟ್ಟಿಕೊಟ್ಟೆ, ಎಡಗಡೆಯ ಮರದ ಕೆಲಸ ಶುರುವಾಯಿತು. ಎಲ್ಲ ಸುಸೂತ್ರವಾಗಿತ್ತು. ಕೆಡಿಸಿದವನು ನಾನು.

ನಮ್ಮ ಹಜ್ರತ್ ಮಕ್ಬೂಲ್ ಸಾಹೇಬರು ವೇಲೂರು ಕಡೆಯವರು, ಬಂದು ಎರಡು ವರ್ಷವಾಗಿತ್ತು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಓದಿನಲ್ಲಿ ನಮ್ಮೂರಿಗೆಲ್ಲ ದೊಡ್ಡವರು. ಕನ್ನಡ ಮಾತ್ರ ಬನ್ನಿ, ಹೋಗಿ, ಬೇಡ ಎಂಬ ಮೂರು ಮಾತಿಗೆ ಮುಗಿಯುತ್ತಿತ್ತು. ಮಂಚಯ್ಯನಿಗೆ ಉರ್ದು ಬಾರದು. ನಡುವೆ ನಾನು. ಆ ಮಂಗಳವಾರ ಬೆಳಿಗ್ಗೆ ಹಜ್ರತ್ ಕೆಲಸ ನೋಡಲು ಬಂದರು. ನಾನು ಸಾರುವೆಯ ಮೇಲೆ ಹಗ್ಗ ಬಿಗಿಯುತ್ತಿದ್ದೆ. ಮಂಚಯ್ಯ ಕರಣೆ ಕೆಳಗಿಟ್ಟು, ವಿನಯದಿಂದ ಒಂದು ಮಾತು ಕೇಳಿದ.

"ಸಾಬ್ರೆ, ಗುರುಗಳ್ನ ಒಂದ್ ಮಾತ್ ಕೇಳಿ. ಈ ಮರಕ್ಕೂವೆ ಎಂಡದ ಗಡಿಗೆ ಕಟ್ಟನಾ, ಬ್ಯಾಡ್ವಾ?"

ನನ್ನ ಗಮನವೆಲ್ಲ ಗಂಟಿನ ಮೇಲಿತ್ತು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಉರ್ದುವಿಗೆ ಹಾಕಿ ಕೆಳಗೆ ಬಿಟ್ಟೆ. ಈ ಮರಕ್ಕೂ ಸೇಂಧಿಯ ಗಡಿಗೆ ಬೇಕೇ ಎಂದು ಕೇಳುತ್ತಿದ್ದಾನೆ ಎಂದೆ. ಸೇಂಧಿ ಎಂದರೆ ನಮ್ಮ ಮಾತಿನಲ್ಲಿ ಈಚಲ ಹೆಂಡ. ಅಂದ ಮೇಲೆ ನನಗೆ ಅರ್ಥವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಜ್ರತ್ ಏನು ಅಂದಿರಿ ಎಂದು ಮೂರು ಸಲ ಕೇಳಿದರು. ನಾನು ನೀರಿನ ಗಡಿಗೆ ಎಂದು ತಿದ್ದಲು ಹೋದೆ, ನಾಲಿಗೆ ತೊದಲಿತು. ಇಷ್ಟರಲ್ಲಿ ಮಂಚಯ್ಯ, ತನ್ನ ಮುತ್ತಾತನ ಕಥೆ ಗುರುಗಳಿಗೂ ತಿಳಿಯಲಿ ಎಂಬ ಹೆಮ್ಮೆಯಲ್ಲಿ, ಕುಡಿಯುವ ಕೈಸನ್ನೆಯನ್ನೂ ಮಾಡಿ ಎಲ್ಲ ವಿವರಿಸತೊಡಗಿದ. ಅಂದಿನ ಸಾಬರು ಖರ್ಜೂರದ ಮರ ಮಾಡು ಎಂದರಂತೆ. ಮಂಟಯ್ಯ ಆ ಮರ ಕಂಡವನಲ್ಲ. ಹೇಗಿರುತ್ತದೆ ಎಂದು ಕೇಳಿದ್ದಕ್ಕೆ ಅವರು, ಅವರೂ ಕಂಡವರಲ್ಲ, ನಿಮ್ಮ ಈಚಲ ಮರದ ಹಾಗೆಯೇ ಎಂದರಂತೆ. ಮಂಟಯ್ಯ ಆಯಿತು ಎಂದು ತಾನು ಕಂಡಿದ್ದ ಈಚಲ ಮರವನ್ನೇ ಮಾಡಿದ. ಅವನು ಕಂಡಿದ್ದ ಈಚಲ ಮರಕ್ಕೆಲ್ಲ ಹೆಂಡ ಇಳಿಸುವ ಗಡಿಗೆ ಕಟ್ಟಿತ್ತು. ಕಟ್ಟಿದ.

"ಗಡಿಗೆ ಇಲ್ದಿದ್ರೆ ಅದು ಈಚಲ ಮರ ಅಂತ ಯಾರ್ಗೆ ಗೊತ್ತಾಗ್ಬೇಕು ಸಾಬ್ರೆ?" ಎಂದು ಮಂಚಯ್ಯ ನನ್ನನ್ನೇ ಕೇಳಿದ.

ಹಜ್ರತ್ ಕೂಗಾಡುವ ಮನುಷ್ಯರಲ್ಲ. ಮುಖ ಬಿಳಿಚಿತು, ಅಷ್ಟೆ. ದಿನಕ್ಕೆ ಐದು ಹೊತ್ತಿನಂತೆ ಎರಡು ವರ್ಷ ಅವರು ಆ ಗಡಿಗೆಗಳ ನಡುವೆ ನಿಂತು ನಮಾಜು ಮಾಡಿಸಿದ್ದರು. ಯಾವುದನ್ನು ಮುಟ್ಟಬಾರದು ಎಂದು ಪ್ರತಿ ಶುಕ್ರವಾರ ನಮಗೆ ಬೋಧಿಸುತ್ತಿದ್ದರೋ ಅದರ ಪಾತ್ರೆ ಅವರ ಬಲಗಿವಿಯ ಪಕ್ಕದಲ್ಲೇ ತೂಗುತ್ತಿತ್ತು. ಮರ ಇರಲಿ, ಗಡಿಗೆಯನ್ನು ಜುಮ್ಮಾಕ್ಕೆ ಮೊದಲು ತೆಗೆಸಿ ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಶುಕ್ರವಾರಕ್ಕೆ ಮೂರು ದಿನವಿತ್ತು.

ಸಂಜೆಯ ಅಸರ್ ನಮಾಜಾದ ಮೇಲೆ ಊರಿನ ಜಮಾತ್ ಸಭೆ ಕೂತಿತು. ಅಸದುಲ್ಲಾ ಸಾಹೇಬರು ತಲೆಯೆತ್ತಲಿಲ್ಲ. ಎಷ್ಟು ಮಕ್ಕಳಿಗೆ ಝಮ್‌ಝಮ್ ಎಂದು ಹೇಳಿದೆನೋ ಎಂದು ಗೊಣಗಿದರು, ಆಮೇಲೆ ಅಮಲ್ದಾರರ ನೆನಪಾಗಿ ಇನ್ನಷ್ಟು ಕುಗ್ಗಿದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತದೆ ಊರು, ನಾವು ಮರವನ್ನೇ ಒಳಗೆ ತಂದು ಕೂರಿಸಿಕೊಂಡಿದ್ದೇವೆ ಎಂದು ಒಬ್ಬರು ಹಿರಿಯರು ಹಣೆ ಚಚ್ಚಿಕೊಂಡರು. ನೂರು ವರ್ಷ ಯಾರಿಗೂ ಅಮಲು ಏರದ ಗಡಿಗೆ ಈಗೇನು ಏರಿಸುತ್ತದೆ ಎಂದು ನಾನು ಕೇಳಿದೆ. ಇಸಾಕ್, ನೀನು ಇವತ್ತು ಆಡಿದ್ದು ಸಾಕು ಎಂದರು ಎಲ್ಲರೂ. ಅದೂ ನಿಜವೇ.

ಗಡಿಗೆ ತೆಗೆಯಲು ಮಂಚಯ್ಯನಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಅವನು ಗಾಣದ ಕಲ್ಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಗುರುಗಳ್ಗೆ ಏಳಿ ಸಾಬ್ರೆ. ನಮ್ಮೋರು ಕಟ್ಟೆಗ್ ಮೆತ್ತಿದ್ ಗಾರೆನೆಲ್ಲ ಒಳೆ ಎಳ್ಕಂಡೋಯ್ತು. ಮನೆಗೋಳ್ಗೆ ಮೆತ್ತಿದ್ದು ಸುಣ್ಣ ಬಳ್ದು ಬಳ್ದು ಮುಚ್ಚೋಯ್ತು. ನಮ್ ಮುತ್ತಾತನ ಕೈ ಅಂತ ಭೂಮಿ ಮ್ಯಾಲೆ ಉಳ್ದಿರದು ಆ ಗಡಿಗೆ ಒಂದೇಯ. ಬೇರೆ ಯಾರ್ನಾರ ಕರ್ಸಿ ಒಡ್ಸಿ. ನನ್ ಕೈಲಿ ಆಗಾಕಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಗಡಿಗೆ ಒಡೆಯುವ ದಿನ ತಾನು ಊರಲ್ಲಿರುವುದಿಲ್ಲ, ಗುರುವಾರ ಸಂಜೆ ಗಾಡಿ ಕಟ್ಟುತ್ತೇನೆ, ಎಡಗಡೆಯ ಮರವನ್ನು ಬೇರೆ ಯಾರಾದರೂ ಮಾಡಲಿ ಎಂದ. ನನ್ನ ಒಂದು ಮಾತಿನಿಂದ ಒಬ್ಬ ಮನುಷ್ಯನಿಗೆ ಅವನ ಮುತ್ತಾತನ ಬೆರಳು ಇಲ್ಲದ ಹಾಗೆ ಆಗುತ್ತಿತ್ತು. ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಮಧ್ಯಾಹ್ನವೂ ನಾನು ತಟ್ಟೆಯ ಮುಂದೆ ಹಾಗೇ ಕೂತದ್ದನ್ನು ನೋಡಿ ನನ್ನ ಹೆಂಡತಿ ಬಷೀರಾಬಿಗೆ ರೇಗಿತು. ಅವಳು ರೇಗಿದಾಗ ಬುದ್ಧಿಯ ಮಾತು ಬರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಖರ್ಜೂರದ ಮರ ಹೇಗಿರುತ್ತದೆ ಎಂದು ಮಾಡಿಸಿದವನಿಗೆ ಗೊತ್ತಿರಲಿಲ್ಲ, ಮಾಡಿದವನಿಗೆ ಗೊತ್ತಿರಲಿಲ್ಲ, ನಿಮ್ಮ ಹಜ್ರತ್ತಿಗೂ ಗೊತ್ತಿಲ್ಲ, ಅವರು ಇನ್ನೂ ಹಜ್‌ಗೆ ಹೋದವರಲ್ಲ. ಕಾಣದ ಮರದ ಮೇಲೆ ಗಂಡಸರೆಲ್ಲ ಕೂತು ತೀರ್ಪು ಕೊಡುತ್ತಿದ್ದೀರಿ. ಊರಲ್ಲಿ ಅದನ್ನು ಕಣ್ಣಾರೆ ಕಂಡವರು ಒಬ್ಬರೇ ಇದ್ದಾರೆ, ಅವರನ್ನು ಯಾಕೆ ಕೇಳಬಾರದು ಎಂದಳು.

ಅವಳು ಹೇಳಿದ್ದು ನನ್ನ ತಾಯಿಯ ಅಕ್ಕ ರಹೀಮುನ್ನೀಸಾ ಖಾಲಾನನ್ನು. ಖಾಲಾ ಮತ್ತು ಅವಳ ಗಂಡ, ನಮ್ಮ ಖಾಲು, ಅದಕ್ಕೆ ಏಳು ವರ್ಷ ಮೊದಲು ಇದ್ದ ಬದ್ದ ತೋಟ ಮಾರಿ ಬೊಂಬಾಯಿಯಿಂದ ಹಡಗು ಹತ್ತಿ ಹಜ್‌ಗೆ ಹೋಗಿದ್ದರು. ಹೋದವರು ಇಬ್ಬರು, ಬಂದವಳು ಒಬ್ಬಳು. ಖಾಲು ಮದೀನಾದಲ್ಲಿ ಜ್ವರ ಬಂದು ತೀರಿಕೊಂಡರು, ಅವರನ್ನು ಅಲ್ಲೇ ಮಣ್ಣು ಮಾಡಿದರು. ಅಂಥ ಸಾವು ಯಾರಿಗುಂಟು, ಭಾಗ್ಯವಂತ ಎಂದು ಊರಿನವರೆಲ್ಲ ಖಾಲಾನಿಗೆ ಹೇಳಿದರು. ಅವಳು ಹೌದು ಎಂದು ತಲೆಯಾಡಿಸಿದಳು. ಅಲ್ಲಿಯ ಮಾತನ್ನು ಮಾತ್ರ ಯಾರ ಹತ್ತಿರವೂ ಎತ್ತಿದವಳಲ್ಲ.

ಖಾಲಾ ಹೇಳಬೇಕಾದರೆ ಮರವನ್ನು ನೋಡಬೇಕು, ಮರ ಇರುವುದು ಮಸೀದಿಯ ಒಳಗೆ, ನಮ್ಮೂರ ಹೆಂಗಸರು ಮಸೀದಿಗೆ ಬರುವ ವಾಡಿಕೆ ಇಲ್ಲ. ನಾನು ಹೆದರಿಕೊಂಡೇ ಹಜ್ರತ್ತರ ಮುಂದೆ ವಿಷಯ ಇಟ್ಟೆ. ಅವರು, ಹೆಂಗಸರು ಬರಬಾರದು ಎಂದು ನಿಮಗೆ ಯಾರು ಹೇಳಿದರು, ಕಿತಾಬಿನಲ್ಲಿ ಎಲ್ಲಿದೆ ತೋರಿಸಿ ಎಂದರು. ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಘಳಿಗೆಯಿಂದ ನನಗೆ ನಮ್ಮ ಹಜ್ರತ್ ಇಷ್ಟವಾಗತೊಡಗಿದರು.

ಗುರುವಾರ ಮಧ್ಯಾಹ್ನದ ನಮಾಜು ಮುಗಿದು ಜನ ಹೋದ ಮೇಲೆ ಖಾಲಾ ಬಂದಳು. ಬಿಳಿ ಚಾದರ ಹೊದ್ದಿದ್ದಳು, ಬಷೀರಾಬಿ ಕೈ ಹಿಡಿದಿದ್ದಳು. ಒಳಗೆ ಹಜ್ರತ್, ಅಸದುಲ್ಲಾ ಸಾಹೇಬರು, ನಾನು, ದೂರದಲ್ಲಿ ಕಂಬಕ್ಕೆ ಒರಗಿ ಮಂಚಯ್ಯ. ಅವನ ಗಂಟುಮೂಟೆ ಹೊರಗೆ ಗಾಡಿಯಲ್ಲಿತ್ತು. ಖಾಲಾ ಬಲಗಡೆಯ ಮರದ ಮುಂದೆ ನಿಂತು ನೋಡಿದಳು. ನಾವು ಕಾದೆವು. ಅವಳು ನೋಡುತ್ತಲೇ ಇದ್ದಳು. ಕೊನೆಗೆ ಹಜ್ರತ್ ಗಂಟಲು ಸರಿಮಾಡಿಕೊಂಡು, ಅಮ್ಮ, ಅಲ್ಲಿಯ ಮರ ಹೀಗೇ ಇರುತ್ತದೆಯೇ, ಅಲ್ಲಾಹನ ಮನೆಯಲ್ಲಿ ನಿಂತಿದ್ದೀರಿ, ನಿಜ ಹೇಳಿ ಎಂದು ಕೇಳಿದರು.

ಖಾಲಾ ಉರ್ದುವಿನಲ್ಲಿ ಮಾತಾಡಿದಳು. ಮಂಚಯ್ಯ ನನ್ನ ಪಕ್ಕಕ್ಕೆ ಬಂದು ನಿಂತ, ನಾನು ಅವನಿಗೆ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಈ ಸಲ ತೂಗಿ ತೂಗಿ ಹೇಳಿದೆ.

"ಇಲ್ಲ ಹಜ್ರತ್. ಇದು ಅಲ್ಲಿಯ ಮರ ಅಲ್ಲ. ಅಲ್ಲಿಯ ಮರ ಇದರ ಎರಡರಷ್ಟು ಎತ್ತರ, ಗರಿ ಉದ್ದ, ಹಣ್ಣಿನ ಗೊನೆ ಭಾರಕ್ಕೆ ಬಾಗಿರುತ್ತದೆ. ಇದು ನಮ್ಮ ಕೆರೆ ಏರಿಯ ಈಚಲ ಮರ. ಗಡಿಗೆಯನ್ನು ನಾನು ಅಲ್ಲಿ ಒಂದು ಮರದಲ್ಲೂ ಕಾಣಲಿಲ್ಲ."

ಅಸದುಲ್ಲಾ ಸಾಹೇಬರು ಕಣ್ಣು ಮುಚ್ಚಿಕೊಂಡರು. ಮಂಚಯ್ಯ ಸುಮ್ಮನೆ ತಲೆಯಾಡಿಸಿದ. ಅವನು ಸುಳ್ಳನ್ನು ಬಯಸಿದವನಲ್ಲ. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ. ಖಾಲಾ ಮಾತು ಮುಗಿಸಿರಲಿಲ್ಲ.

ಚಿಕ್ಕವಳಿದ್ದಾಗ ಅವಳ ತಂದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇಲ್ಲಿಗೆ ಕರೆತರುತ್ತಿದ್ದರಂತೆ. ಅವಳು ಗಡಿಗೆಯೊಳಗೆ ಕೈ ಹಾಕಲು ಹೋಗುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಬರುವುದು ನಿಂತಿತು, ಐವತ್ತು ವರ್ಷ ಮಸೀದಿಯ ಹಿಂದಿನ ಬೀದಿಯಲ್ಲೇ ಬಾಳಿದಳು. ಖರ್ಜೂರದ ಮರ ಎಂದರೆ ಅವಳಿಗೆ ಗಡಿಗೆ ಕಟ್ಟಿದ ಮರ. ಮದೀನಾದಲ್ಲಿ ಖಾಲು ತೀರಿಕೊಂಡ ಮೇಲೆ ವಾಪಸು ಹೊರಡುವವರೆಗೆ ಇನ್ನೂ ಇಪ್ಪತ್ತು ದಿನ ಅವಳು ಒಬ್ಬಳೇ ಇರಬೇಕಾಯಿತು. ದಿನವೂ ಒಂದು ತೋಟದ ಗೋಡೆಯ ನೆರಳಲ್ಲಿ ಕೂತು ಮರಗಳನ್ನು ನೋಡುತ್ತಿದ್ದಳು. ನೂರಾರು ಮರ.

"ಒಂದಕ್ಕಾದರೂ ಗಡಿಗೆ ಇದ್ದೀತೇ ಅಂತ ಹುಡುಕುತ್ತಿದ್ದೆ ಹಜ್ರತ್. ಒಂದಕ್ಕೂ ಇರಲಿಲ್ಲ. ಆಗ ನನಗೆ ನಮ್ಮೂರು ಎಷ್ಟು ದೂರ ಅಂತ ಗೊತ್ತಾಯಿತು. ರಸೂಲರ ಊರಲ್ಲಿ ಕೂತು ನಾನು ಪಿರಿಯಾಪಟ್ಟಣಕ್ಕೆ ಅತ್ತೆ. ತಪ್ಪಾಗಿದ್ದರೆ ಅಲ್ಲಾಹ್ ಮನ್ನಿಸಲಿ. ಹೋಗಿ ಆ ಗಡಿಗೆ ಇನ್ನೊಮ್ಮೆ ನೋಡುತ್ತೇನೆ ಅಂದುಕೊಂಡೇ ಹಡಗು ಹತ್ತಿದೆ. ಬಂದು ಏಳು ವರ್ಷ ಆಯಿತು, ನೋಡಲು ಇವತ್ತು ಕರೆದಿರಿ. ನಾಳೆ ಒಡೆಯುತ್ತೀರಂತೆ. ಒಡೆದರೆ ನಾನು ವಾಪಸು ಬಂದದ್ದು ಯಾವ ಊರಿಗೆ?"

ಕೊನೆಯ ಮಾತನ್ನೂ ಮಂಚಯ್ಯನಿಗೆ ಹೇಳಿದೆ. ಬಷೀರಾಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಸದುಲ್ಲಾ ಸಾಹೇಬರು ಮಗುವಿನ ಹಾಗೆ ಬಿಕ್ಕಿದರು. ಮಂಚಯ್ಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಖಾಲಾನ ಕಡೆ ನೋಡದೆ, ಅವಳು ನಿಂತ ನೆಲಕ್ಕೆ ನಮಸ್ಕಾರ ಮಾಡಿದ.

ಹಜ್ರತ್ತರೂ ಊರು ಬಿಟ್ಟು ಬಂದವರು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಅವರು ಬಲಗಡೆಯ ಮರದ ಹತ್ತಿರ ಹೋಗಿ, ತೋಳು ಮೇಲೆ ಸರಿಸಿ, ಗಡಿಗೆಯ ಬಾಯಿಗೆ ಎರಡು ಬೆರಳು ಹಾಕಿದರು. ಒಳಗೆ ಏನೂ ಇಲ್ಲ, ಧೂಳು ಇದೆ ಎಂದರು. ನನಗೆ ನಗು ಬಂತು, ತಡೆದುಕೊಂಡೆ. ಅವರ ಮುಖದಲ್ಲೂ ನಗುವಿತ್ತು.

"ತಿಳಿಯದೆ ಪ್ರೀತಿಯಿಂದ ಕಟ್ಟಿದ್ದು ಇದು, ಇರಲಿ," ಎಂದರು. "ಇನ್ನೊಂದಕ್ಕೆ ಬೇಡ. ತಿಳಿದೂ ಕಟ್ಟಿದರೆ ಹಟ ಆಗುತ್ತದೆ."

ಇದನ್ನು ಮಂಚಯ್ಯನಿಗೆ ಹೇಳಿದೆ. ಅವನು ನ್ಯಾಯವೇ ಎಂದು ತಲೆದೂಗಿದ. ಹೊರಗೆ ಹೋಗಿ ಎತ್ತು ಬಿಚ್ಚಿದ. ವಾಪಸು ಬಂದು, ಖಾಲಾ ಹೊರಡುವ ಮೊದಲೇ, ನನ್ನ ಮೂಲಕ ಅವಳನ್ನು ಒಂದು ಮಾತು ಕೇಳಿದ. ನಮ್ಮ ಮುತ್ತಾತನಿಗೆ ಹೇಳುವವರು ಯಾರೂ ಇರಲಿಲ್ಲ, ನನಗೆ ಅಮ್ಮಾವರು ಇದ್ದಾರೆ, ಅಲ್ಲಿಯ ಮರ ಹೇಗಿರುತ್ತದೋ ಹಾಗೇ ಹೇಳಿಕೊಡುತ್ತಾರಾ?

ಮುಂದಿನ ವಾರವೆಲ್ಲ ಮಧ್ಯಾಹ್ನದ ನಮಾಜಿಗೂ ಅಸರ್‌ಗೂ ನಡುವೆ ಖಾಲಾ ಮಸೀದಿಗೆ ಬಂದಳು. ಯಾರೂ ಏನೂ ಅನ್ನಲಿಲ್ಲ. ಒಂದು ಚಾಪೆ ಹಾಸಿಕೊಂಡು ಕೂತು, ಏಳು ವರ್ಷ ಬಾಯಿ ಬಿಡದವಳು ಬಿಡುವಿಲ್ಲದೆ ಮಾತಾಡಿದಳು. ಗರಿಯ ಬುಡ ಹೇಗೆ ಕಾಂಡವನ್ನು ತಬ್ಬಿರುತ್ತದೆ, ಗೊನೆ ಯಾವ ಕಡೆ ಬಾಗುತ್ತದೆ, ಕಾಯಿ ಮೊದಲು ಹಸಿರು, ಆಮೇಲೆ ಹಳದಿ, ಆಮೇಲೆ ಕಂದು. ನಡುನಡುವೆ ಖಾಲು ಬರುತ್ತಿದ್ದರು. ಒಂಟೆಯ ಮೇಲೆ ಕೂರಲು ಅವರು ಹೆದರಿದ್ದು, ಮೊದಲ ದಿನ ತಿಂದ ತಾಜಾ ಖರ್ಜೂರ ನಮ್ಮ ಹಲಸಿಗೆ ಸಮವಿಲ್ಲ ಎಂದು ಅವರು ಅಂದದ್ದು, ಹಾಗೆನ್ನಬಾರದು ಎಂದು ಖಾಲಾ ಅವರ ಬಾಯಿ ಮುಚ್ಚಿದ್ದು. ನಾನು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿದೆ, ಮರಕ್ಕೆ ಸಂಬಂಧವಿಲ್ಲದ್ದನ್ನೂ. ಮಂಚಯ್ಯ ಯಾವುದನ್ನೂ ಬೇಡ ಎನ್ನಲಿಲ್ಲ. ಅವಳು ಅಲ್ಲ ಎಂದ ಗರಿಯನ್ನು ಕೆರೆದು ಮತ್ತೆ ಮೆತ್ತಿದ. ನಾಲ್ಕು ಗೊನೆಗಳನ್ನು, ಒಂದೊಂದು ಹಣ್ಣನ್ನೂ ಅಂಗೈಯಲ್ಲಿ ಉರುಟಿ, ಒಂದೊಂದಾಗಿ ಕೂರಿಸಿದ.

ಮರ ಮುಗಿದ ದಿನ ಖಾಲಾ ಎದ್ದು ದೂರ ಹೋಗಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಡಗಡೆ ಮದೀನಾದ ಎತ್ತರದ ಮರ, ಗೊನೆ ತುಂಬ ಹಣ್ಣು. ಬಲಗಡೆ ನಮ್ಮ ಗಿಡ್ಡ ಈಚಲು, ಕತ್ತಿಗೆ ಗಡಿಗೆ.

"ಅವರು ಅದರ ಕೆಳಗೆ ಇದ್ದಾರೆ," ಎಂದಳು. "ನಾನು ಇದರ ಕೆಳಗೆ ಇರುತ್ತೇನೆ. ಈಗ ಒಂದೇ ಗೋಡೆ ಆಯಿತು."

ಮಂಚಯ್ಯ ಏನಂದರು ಎಂದು ಕೇಳಿದ. ಹೇಳಿದೆ. ಅವನು ಸುಮ್ಮನೆ ಹೋಗಿ ತೊಟ್ಟಿಯ ಹತ್ತಿರ ಕರಣೆ ತೊಳೆಯತೊಡಗಿದ, ಬಹಳ ಹೊತ್ತು ತೊಳೆದ.

ಖಾಲಾ ಆಮೇಲೆ ನಾಲ್ಕು ವರ್ಷ ಬದುಕಿದ್ದಳು. ನಮ್ಮೂರ ಕಬರಸ್ಥಾನದಲ್ಲಿ ಮಲಗಿದ್ದಾಳೆ. ನಾನು ಐದು ಹೊತ್ತೂ ಮಸೀದಿಗೆ ಹೋಗುವವನಲ್ಲ, ಗಾಡಿಯ ಕೆಲಸ ಬಿಡುವುದಿಲ್ಲ, ಆದರೆ ಅಸರ್ ತಪ್ಪಿಸುವುದಿಲ್ಲ. ನಮಾಜಿಗೆ ನಿಂತಾಗ ಕಣ್ಣು ಅತ್ತಿತ್ತ ಹೋಗಬಾರದು ಎಂದು ಹಜ್ರತ್ ಈಗಲೂ ಹೇಳುತ್ತಾರೆ. ನನ್ನದು ಹೋಗುತ್ತದೆ. ಎಡಗಡೆ ಖಾಲುನನ್ನು ನೋಡುತ್ತೇನೆ, ಬಲಗಡೆ ಖಾಲಾನನ್ನು ನೋಡುತ್ತೇನೆ, ಆಮೇಲೆ ನೆಲ ನೋಡುತ್ತೇನೆ.